ಗುಜರಿಯ ಕಾರೂ ಕೈಯ ವಿದ್ಯೆಯೂ

ಗೊಬ್ಬರ ಹೇರುವ ಗಾಡಿಯನ್ನು ಹಾಗೆಯೇ ಶರ್ಯತ್ತಿಗೆ ಹೂಡುವ ಒಕ್ಕಲಿಗ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಓಟವನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಹೊಲಕ್ಕೆ ಹೋಗುವ ಗಾಡಿ ಬೇರೆ, ಓಟಕ್ಕೆ ಇಳಿಯುವ ಗಾಡಿ ಬೇರೆ. ಮೊದಲನೆಯದಕ್ಕೆ ಹೊರೆ ಹೊರುವುದೇ ಧರ್ಮ. ಎರಡನೆಯದಕ್ಕೆ ಹೊರೆ ಇಳಿಸುವುದೇ ಧರ್ಮ. ಓಟದ ಗಾಡಿಯನ್ನು ಕಟ್ಟುವ ಬಡಿಗನು ‘ಇನ್ನೇನು ಸೇರಿಸಲಿ?’ ಎಂದು ಯೋಚಿಸುವುದಿಲ್ಲ, ‘ಇನ್ನೇನು ತೆಗೆಯಲಿ?’ ಎಂದು ಯೋಚಿಸುತ್ತಾನೆ. ಗಾಲಿ, ಅಚ್ಚು, ನೊಗ, ಓಡಿಸುವವನಿಗೆ ನೆಲೆಯಾಗುವಷ್ಟು ಜಾಗ, ಇಷ್ಟು ಉಳಿದರೆ ಸಾಕು. ಆದರೆ ಉಳಿದದ್ದು ಮುರಿಯಬಾರದು. ತೆಗೆಯುವುದು ಸುಲಭ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ವಿದ್ಯೆ.

ಇದೇ ವಿಚಾರವನ್ನು ಮರದಿಂದ ಕಬ್ಬಿಣಕ್ಕೆ ಸಾಗಿಸಿದರೆ, ಹಳೆಯ ರಸ್ತೆ ಕಾರಿನ ಒಡಲಿನಿಂದ ಓಟದ ಕಾರನ್ನು ಕಟ್ಟುವ ಹವ್ಯಾಸ ಎಂಥದೆಂಬುದು ಅರ್ಥವಾಗುತ್ತದೆ. ಸಾಹಿತ್ಯದ ಪುಟದಲ್ಲಿ ಎಂಜಿನ್ನಿನ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಎಳೆಯರ ವಿದ್ಯೆಯ ಮಾತು ಯಾವ ವೇಷದಲ್ಲಿ ಬಂದರೂ ಅದು ನಮ್ಮೆಲ್ಲರ ಮಾತೇ ಎಂದು ನಾನು ನಂಬಿದ್ದೇನೆ. ಈ ಹವ್ಯಾಸವನ್ನು ಶ್ರೀಮಂತರ ಮಕ್ಕಳ ಶೋಕಿಯೆಂದು ತಳ್ಳಿಹಾಕುವವರೂ ಉಂಟು, ಪುಂಡರ ಆಟವೆಂದು ಹೆದರುವವರೂ ಉಂಟು. ಎರಡೂ ಸಲ್ಲದೆಂಬುದು ನನ್ನ ಅಭಿಪ್ರಾಯ. ಅದು ಕೈಗೂ ಬುದ್ಧಿಗೂ ಒಟ್ಟಿಗೆ ಪಾಠ ಹೇಳುವ ಅಪರೂಪದ ಶಾಲೆ. ಆ ಶಾಲೆಗೆ ನಾವು ಸ್ಥಳ ಕೊಡದಿದ್ದರೆ ಅದು ತಾನೇ ಹೆದ್ದಾರಿಯಲ್ಲಿ ಸ್ಥಳ ಹುಡುಕಿಕೊಳ್ಳುತ್ತದೆ. ಅಲ್ಲಿ ಅದು ಶಾಲೆಯಾಗಿ ಉಳಿಯುವುದಿಲ್ಲ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ನಮ್ಮ ಮಧ್ಯಮವರ್ಗಕ್ಕೆ ಮೊದಲ ಬಾರಿಗೆ ಕಾರಿನ ಬಾಗಿಲು ತೆರೆದ ಮಾರುತಿ 800 ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ಇಂದು ಅದರ ಒಡಲುಗಳು ಊರೂರ ಗುಜರಿ ಅಂಗಡಿಗಳಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಭಂಗಾರದವರ ಅಂಗಳಗಳಲ್ಲಿ, ಮಳೆ ಬಿಸಿಲಿಗೆ ಬಿದ್ದಿವೆ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನು, 40ಕ್ಕೆ ಒಳಗಿನ ಅಶ್ವಶಕ್ತಿ, ಸುಮಾರು 650 ಕಿಲೋ ತೂಕ. ಅಶ್ವಶಕ್ತಿಯನ್ನು 37 ಎಂದು ಹಿಡಿದರೆ ಒಂದೊಂದು ಅಶ್ವಶಕ್ತಿಯ ಹೆಗಲ ಮೇಲೆ ಹದಿನೇಳೂವರೆ ಕಿಲೋ ಹೊರೆ ಬೀಳುತ್ತದೆ. ಹಿಂದಿನ ಆಸನ, ನೆಲಹಾಸು, ಬಾಗಿಲಿನ ಒಳ ಹೊದಿಕೆ, ರೇಡಿಯೋ, ಹೀಟರು, ಶಬ್ದ ತಡೆಯಲೆಂದು ತಗಡಿಗೆ ಬಳಿದ ಡಾಂಬರಿನಂಥ ಲೇಪ, ಇವನ್ನೆಲ್ಲ ಕಿತ್ತು 100 ಕಿಲೋ ಇಳಿಸಿದೆವೆನ್ನಿ. ಹೊರೆ ಹದಿನೈದು ಕಿಲೋಗೂ ಕೆಳಗೆ ಬರುತ್ತದೆ. ಎಂಜಿನ್ನನ್ನು ಮುಟ್ಟದೆಯೇ ಆರೇಳು ಅಶ್ವಶಕ್ತಿಯನ್ನು ಗಳಿಸಿದಂತಾಯಿತು. ಈ ಲೆಕ್ಕ ಮಾಡಲು ಏಳನೆಯ ತರಗತಿಯ ಭಾಗಾಕಾರ ಸಾಕು. ಆದರೆ ಸ್ಪಾನರು ಹಿಡಿದು ಒಂದೊಂದೇ ಭಾಗವನ್ನು ಬಿಚ್ಚಿ, ತಕ್ಕಡಿಯಲ್ಲಿಟ್ಟು, ಪುಸ್ತಕದಲ್ಲಿ ಬರೆದುಕೊಂಡ ಹುಡುಗನಿಗೆ ಆ ಭಾಗಾಕಾರ ಮತ್ತೆ ಮರೆಯುವುದಿಲ್ಲ.

ಇಳಿಸಿದ ತೂಕದಲ್ಲಿ ಒಂದು ಪಾಲನ್ನು ಹಿಂದಿರುಗಿಸಲೇಬೇಕು. ಅದು ಪ್ರಾಣಕ್ಕೆ ಸಲ್ಲುವ ಪಾಲು. ಕಾರು ಮಗುಚಿದರೆ ತಗಡಿನ ಮಾಡು ಚಾಲಕನ ತಲೆಯನ್ನು ಕಾಯುವುದಿಲ್ಲ. ಅದಕ್ಕಾಗಿ ಒಳಗೆ ಉಕ್ಕಿನ ಕೊಳವೆಗಳ ಪಂಜರವೊಂದನ್ನು ಕಟ್ಟಬೇಕು. ಅಂತರರಾಷ್ಟ್ರೀಯ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿನ ಕೊಳವೆ 45 ಮಿಲಿಮೀಟರು ವ್ಯಾಸ, 2.5 ಮಿಲಿಮೀಟರು ದಪ್ಪ, ಇಲ್ಲವೆ 50 ಮಿಲಿಮೀಟರು ವ್ಯಾಸ, 2 ಮಿಲಿಮೀಟರು ದಪ್ಪ ಇರತಕ್ಕದ್ದು. ಅದೂ ಉದ್ದಕ್ಕೆ ಬೆಸುಗೆಯ ಗೆರೆಯಿಲ್ಲದ, ತಣ್ಣಗೆ ಎಳೆದು ಮಾಡಿದ ಕೊಳವೆಯಾಗಿರಬೇಕು. ಕುರ್ಚಿ ಮೇಜು ಮಾಡುವ ಕೊಳವೆಯಾಗಲಿ ನೀರಿನ ಪೈಪಾಗಲಿ ಇಲ್ಲಿ ಸಲ್ಲದು. ಆಪತ್ತಿನ ಗಳಿಗೆಯಲ್ಲಿ ಅವು ಬೆಸುಗೆಯ ಗೆರೆಯಲ್ಲೇ ಸೀಳಿಕೊಳ್ಳಬಹುದು. ಜೊತೆಗೆ ಭುಜವನ್ನೂ ಸೊಂಟವನ್ನೂ ಹಿಡಿದಿಡುವ ಪಟ್ಟಿಗಳು, ಬೆಂಕಿ ನಂದಿಸುವ ಸಿಲಿಂಡರು, ಹೊರಗಿನವರೂ ಎಟುಕಿಸಿ ಬ್ಯಾಟರಿಯನ್ನು ಕಡಿದುಹಾಕಬಲ್ಲ ಒಂದು ಸ್ವಿಚ್ಚು ಇರಬೇಕು. ಇವುಗಳಲ್ಲಿ ಯಾವುದೂ ಗಾಡಿಯ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಆದರೂ ಇವಿಲ್ಲದ ಗಾಡಿಗೆ ಓಟದ ಕಾರೆಂಬ ಹೆಸರು ಸಲ್ಲದು.

ಆಮೇಲೆ ಬರುವುದು ನಿಲ್ಲಿಸುವ ಪಾಠ. ವೇಗ ಎರಡರಷ್ಟಾದರೆ ಗಾಡಿಯ ಚಲನಶಕ್ತಿ ನಾಲ್ಕರಷ್ಟಾಗುತ್ತದೆಂದು ನಾವು ಭೌತಶಾಸ್ತ್ರದ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿಯುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಕಾರನ್ನು ನಿಲ್ಲಿಸುವುದಕ್ಕೂ 120ರಲ್ಲಿ ಹೋಗುವ ಕಾರನ್ನು ನಿಲ್ಲಿಸುವುದಕ್ಕೂ ಇರುವ ಅಂತರ ಅದೇ ನಾಲ್ಕು. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಮೇಲಿಂದ ಮೇಲೆ ಒತ್ತಿದರೆ ಬ್ರೇಕಿನ ಎಣ್ಣೆ ಕುದಿಯುತ್ತದೆ, ಪೆಡಲು ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಇದನ್ನು ತನ್ನ ಕಾಲಿನಿಂದ ಒಮ್ಮೆ ತಿಳಿದವನು ಸೂತ್ರದ ಅರ್ಥವನ್ನೂ ತಿಳಿಯುತ್ತಾನೆ, ರಸ್ತೆಯ ಮೇಲೆ ಮುಂದಿನ ಗಾಡಿಗೆ ಎಷ್ಟು ಅಂತರ ಬಿಡಬೇಕೆಂಬುದನ್ನೂ ತಿಳಿಯುತ್ತಾನೆ. ವೇಗದ ಭಯವನ್ನು ವೇಗವನ್ನು ಕಟ್ಟಿದವನೇ ಚೆನ್ನಾಗಿ ಬಲ್ಲನು.

ಇಂಥ ಹವ್ಯಾಸದಿಂದ ದೊಡ್ಡ ಕೆಲಸ ಹುಟ್ಟುವುದುಂಟೆ? ಉಂಟು. ಇಂಗ್ಲೆಂಡಿನಲ್ಲಿ 1922ರಿಂದ 1939ರ ವರೆಗೆ ಆಸ್ಟಿನ್ ಸೆವೆನ್ ಎಂಬ 747 ಸಿ.ಸಿ.ಯ ಪುಟ್ಟ ಸಂಸಾರಿ ಕಾರು ತಯಾರಾಗುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿ ಹೊಸ ಕಾರಿಗೆ ಹಣವೂ ಇರಲಿಲ್ಲ, ಉಕ್ಕೂ ಸಿಗುತ್ತಿರಲಿಲ್ಲ. ಕಾಲಿನ್ ಚಾಪ್‌ಮನ್ ಎಂಬ ತರುಣ 1928ರ ಒಂದು ಹಳೆಯ ಆಸ್ಟಿನ್ ಸೆವೆನ್ನಿನ ಮೇಲೆ ತಾನೇ ಹೊಸ ಒಡಲು ಕಟ್ಟಿ 1948ರಲ್ಲಿ ಸ್ಪರ್ಧೆಗಿಳಿದ. ಅದೇ ಲೋಟಸ್ ಕಾರುಗಳ ವಂಶದ ಮೊದಲ ಕಾರು. ಹದಿನೈದು ವರ್ಷಗಳ ತರುವಾಯ, 1963ರಲ್ಲಿ, ಜಿಮ್ ಕ್ಲಾರ್ಕ್ ಲೋಟಸ್ ಕಾರಿನಲ್ಲಿ ಫಾರ್ಮುಲಾ ಒನ್ ಜಗಜ್ಜೇತನಾದ. ಹೊರೆ ಇಳಿಸಬೇಕೆಂಬ ಬಡತನದ ಪಾಠವನ್ನು ಚಾಪ್‌ಮನ್ ಸಿರಿವಂತನಾದ ಮೇಲೂ ಬಿಡಲಿಲ್ಲ.

ನಮ್ಮ ನಾಡಿನ ಉದಾಹರಣೆಗಳೂ ಇಲ್ಲದಿಲ್ಲ. ಮದರಾಸಿನ ಬಳಿಯ ಷೋಲಾವರಂನಲ್ಲಿ ಯುದ್ಧಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು. ರಾಜಮಹಾರಾಜರ ವಿದೇಶಿ ಕಾರುಗಳ ಪಕ್ಕದಲ್ಲಿಯೇ ನಮ್ಮ ಮನೆಬಾಗಿಲ ಫಿಯೆಟ್ಟುಗಳು ಒಳಗನ್ನೆಲ್ಲ ಬರಿದು ಮಾಡಿಕೊಂಡು ಓಡಿದವು. ಕೊಯಮತ್ತೂರಿನ ಎಸ್. ಕರಿವರ್ಧನ್ 1988ರಲ್ಲಿ ಮಾರುತಿ 800ರ ಎಂಜಿನ್ನು ಮೊದಲಾದ ಭಾಗಗಳನ್ನೇ ಬಳಸಿ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ಓಟದ ಕಾರನ್ನು ರೂಢಿಗೆ ತಂದರು. ಊರಿನ ಗ್ಯಾರೇಜಿನಲ್ಲಿ ಸಿಗುವ ಭಾಗಗಳಿಂದ ಓಟದ ಕಾರು ಆಗಬಲ್ಲದೆಂದು ಅವರು ತೋರಿಸಿಕೊಟ್ಟರು. 2005ರಲ್ಲಿ ಫಾರ್ಮುಲಾ ಒನ್ ಸೇರಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ತಮ್ಮ ಆರಂಭದ ಓಟಗಳನ್ನು ಓಡಿದ್ದು ಈ ಬಗೆಯ ಕಾರಿನಲ್ಲಿಯೇ. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು; ಅವರ ಹೆಸರಿನ ಓಟದ ಪಥವೊಂದು ಇಂದು ಕೊಯಮತ್ತೂರಿನ ಬಳಿ ಇದೆ.

ಬೆಂಗಳೂರಿನ ಸಿಪಾಣಿ ಕಾರ್ಖಾನೆಯ ಡಾಲ್ಫಿನ್ ಕಾರನ್ನು ಕನ್ನಡಿಗರೇ ಮರೆತಿದ್ದಾರೆ. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಗಾಡಿಯ ಮಾದರಿಯಲ್ಲಿ 1982ರಲ್ಲಿ ಹೊರಬಂದ ಈ ಕಾರಿಗೆ ತಗಡಿನ ಬದಲು ಫೈಬರ್ ಗ್ಲಾಸಿನ ಒಡಲು, 848 ಸಿ.ಸಿ.ಯ ಎಂಜಿನ್ನು. ಮಾರುತಿಯ ಎದುರು ಅದು ಪೇಟೆಯಲ್ಲಿ ನಿಲ್ಲಲಿಲ್ಲ. ಆದರೆ ಪಂದ್ಯದ ಚಾಲಕರು ಅದನ್ನು ಮೆಚ್ಚಿ ಕೊಂಡರು, ಏಕೆಂದರೆ ಅದು ಹಗುರವಾಗಿತ್ತು. ಸಂಸಾರಸ್ಥನು ಯಾವುದನ್ನು ಕೊರತೆಯೆಂದು ಕಂಡನೋ ಸ್ಪರ್ಧಾಳು ಅದನ್ನೇ ಗುಣವೆಂದು ಕಂಡನು.

ಇನ್ನು ನಮ್ಮ ಗಡಿಸೀಮೆಗೆ ಬರೋಣ. ಕೊಗನೊಳ್ಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕರ್ನಾಟಕದ ಕಟ್ಟಕಡೆಯ ಊರುಗಳಲ್ಲೊಂದು. ಅತ್ತ ಕಾಗಲ, ಕೊಲ್ಹಾಪುರ. ಇತ್ತ ನಿಪ್ಪಾಣಿ, ಬೆಳಗಾವಿ. ಎರಡು ಕಡೆಯಲ್ಲೂ ಎರಕದ ಕಾರ್ಖಾನೆಗಳು, ಲೇಥಿನ ಅಂಗಡಿಗಳು. ಪತ್ರಿಕೆಗಳಲ್ಲಿ ನಮ್ಮೂರ ಹೆಸರು ಬರುವುದು ಗಡಿಯ ತಂಟೆ ಎದ್ದಾಗಲೇ ಹೆಚ್ಚು. ಆದರೆ ಕೊಲ್ಹಾಪುರದಲ್ಲಿ ಎರಕ ಹೊಯ್ದು ಬೆಳಗಾವಿಯ ಉದ್ಯಮಬಾಗದಲ್ಲಿ ಕಡೆದ ಕಬ್ಬಿಣದ ತುಂಡನ್ನು ನಿನ್ನ ಭಾಷೆ ಯಾವುದೆಂದು ಇದುವರೆಗೆ ಯಾರೂ ಕೇಳಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ಲಿನ ಅಂಗಡಿ. ಬಿಚ್ಚಿ ಜೋಡಿಸುವ ಆ ಕೈಯೇ ಮುಂದೆ ಕಬ್ಬಿಣದ ನೇಗಿಲನ್ನು ಮಾಡಿತು. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿಯನ್ನು ಕಟ್ಟಿತು. ಸೈಕಲ್ಲನ್ನು ಬಿಚ್ಚುವುದು ಅಂದಿನ ತರುಣನಿಗೆ ಏನಾಗಿತ್ತೋ ಹಳೆಯ ಕಾರನ್ನು ಬಿಚ್ಚುವುದು ಇಂದಿನ ತರುಣನಿಗೆ ಅದೇ ಆಗಬಲ್ಲದು.

ನಾನು ಪಾಠ ಹೇಳಿದ ಹುಡುಗರಲ್ಲಿ ಮೂವರು ಈಗ ಐ.ಟಿ.ಐ. ಮುಗಿಸಿ ಗ್ಯಾರೇಜುಗಳಲ್ಲಿ ಕೆಲಸ ಮಾಡುತ್ತಾರೆ. ಅವರು ಒಂದು ಸಂಜೆ ಉತ್ಸಾಹದಿಂದ ಸುದ್ದಿ ಹೇಳಿದರು.

“ಸರ್, ಒಂದು ಹಳೇ ಮಾರುತಿ ಸಿಕ್ಕೈತ್ರಿ. ಬಿಚ್ಚಿ ರೇಸಿನ ಗಾಡಿ ಮಾಡಬೇಕಂತ ಮಾಡೇವ್ರಿ.”

“ಮಾಡ್ರೆಪ್ಪಾ, ಒಳ್ಳೇದಾತು. ಮಾಡಿ ಎಲ್ಲಿ ಓಡಸ್ತೀರಿ?”

“ಹೈವೇ ಐತಲ್ರಿ ಸರ್. ರಾತ್ರಿ ಖಾಲಿನ ಇರ್ತೈತಿ.”

ಈ ಲೇಖನವನ್ನು ಬರೆಯಲು ಪ್ರೇರಿಸಿದ್ದು ಆ ಉತ್ತರ. ರಾತ್ರಿಯ ಹೆದ್ದಾರಿ ಖಾಲಿ ಇರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರುಗಳು ಅದರ ಮೇಲೆ ತೆವಳುತ್ತವೆ. ಎತ್ತಿನ ಗಾಡಿಗಳು ಸಾಲುಗಟ್ಟಿ ಸಕ್ಕರೆ ಕಾರ್ಖಾನೆಗೆ ಹೋಗುತ್ತವೆ. ಪಾಳಿ ಮುಗಿಸಿದ ಕೂಲಿಯವನು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಾನೆ. ಆ ಹುಡುಗರ ಕೈಯಲ್ಲಿ ವಿದ್ಯೆಯಿದೆ, ಮನಸ್ಸಿನಲ್ಲಿ ದುಷ್ಟತನವಿಲ್ಲ. ಅವರಿಗೆ ಇಲ್ಲದ್ದು ಒಂದು ಅಂಗಳ ಮಾತ್ರ. ಅದೊಂದು ಇಲ್ಲದ ಕಾರಣಕ್ಕೆ ಅವರ ವಿದ್ಯೆ ಯಾರದೋ ಸಾವಿಗೆ ಕಾರಣವಾಗಬಹುದು. ಅವರದೇ ಸಾವಿಗೂ ಆಗಬಹುದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿಯಾದ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 189ನೆಯ ಪ್ರಕರಣವು ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಪಂದ್ಯ ಹೂಡುವುದನ್ನು ದಂಡಿಸುತ್ತದೆ. ಎರಡೂ ನ್ಯಾಯವೇ. ಓಟಕ್ಕಾಗಿ ಬರಿದು ಮಾಡಿದ ಕಾರು ರಸ್ತೆಯ ಕಾರಲ್ಲ. ಅದನ್ನು ಟೆಂಪೋದ ಬೆನ್ನ ಮೇಲೆ ಹೇರಿಕೊಂಡೇ ಪಂದ್ಯದ ಸ್ಥಳಕ್ಕೆ ಒಯ್ಯತಕ್ಕದ್ದು. ಆದರೆ ‘ಇಲ್ಲಿ ಬೇಡ’ ಎನ್ನುವ ಕಾನೂನಿನ ಪಕ್ಕದಲ್ಲಿ ‘ಅಲ್ಲಿ ಮಾಡು’ ಎನ್ನುವ ಹಿರಿಯರೊಬ್ಬರು ಬೇಡವೆ?

ಈ ದಾರಿ ನಮಗೆ ಅಪರಿಚಿತವೂ ಅಲ್ಲ. ಕಂಬಳ, ಎತ್ತಿನ ಗಾಡಿಯ ಓಟಗಳಿಗೆ ದಾರಿ ಮಾಡಲು 2017ರಲ್ಲಿ ಕರ್ನಾಟಕ ತನ್ನ ಕಾನೂನನ್ನು ತಿದ್ದಿತು. 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜನ ಬಿಡಲೊಲ್ಲದ ಆಟವನ್ನು ಕತ್ತಲೆಗೆ ತಳ್ಳುವುದಕ್ಕಿಂತ ನಿಯಮದ ಬೆಳಕಿಗೆ ತರುವುದು ಲೇಸೆಂಬ ವಿವೇಕ ಅದರಲ್ಲಿದೆ. ಎತ್ತಿಗೆ ದೊರೆತ ಈ ವಿವೇಕ ಎಂಜಿನ್ನಿಗೂ ದೊರೆಯಲಿ.

ಎಂಜಿನಿಯರಿಂಗ್ ಕಾಲೇಜುಗಳಿಗೆ ಈಗಾಗಲೇ ಬಾಗಿಲು ತೆರೆದಿದೆ. 2007ರಿಂದ ಬಾಹಾ, 2011ರಿಂದ ಸುಪ್ರಾ ಎಂಬ ವಿದ್ಯಾರ್ಥಿ ಸ್ಪರ್ಧೆಗಳು ದೇಶದಲ್ಲಿ ನಡೆಯುತ್ತ ಬಂದಿವೆ. ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ ಕಟ್ಟಿದ ಗಾಡಿಗಳನ್ನು ಅಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ. ಸಂತೋಷ. ಆದರೆ ಪದವಿಯ ಹೊಸ್ತಿಲು ದಾಟದ ಫಿಟ್ಟರನಿಗೆ, ವೆಲ್ಡರನಿಗೆ, ಗ್ಯಾರೇಜಿನಲ್ಲಿ ಎಣ್ಣೆಗೈಯಾಗಿ ನಿಂತ ಹುಡುಗನಿಗೆ ಅಂಥ ಬಾಗಿಲು ಎಲ್ಲಿದೆ? ಹೊಸ ವಿನ್ಯಾಸಕ್ಕೆ ಹಣ ಬೇಕು, ಪ್ರಯೋಗಶಾಲೆ ಬೇಕು. ಹಳೆಯ ಒಡಲಿಗೆ ಬೇಕಾದದ್ದು ತಾಳ್ಮೆ, ತೂಕದ ತಕ್ಕಡಿ, ಒಬ್ಬ ಬಲ್ಲ ಮಿಸ್ತ್ರಿ. ಆದುದರಿಂದಲೇ ಗುಜರಿಯ ಕಾರು ಬಡವನ ಕಾಲೇಜಾಗಬಲ್ಲದು.

ನನ್ನ ಸೂಚನೆ ಸರಳವಾದದ್ದು. ನೋಂದಣಿ ರದ್ದಾಗಿ ಕರಗಲು ಹೋಗುವ ಒಡಲುಗಳಲ್ಲಿ ಒಂದೊಂದನ್ನು ನಮ್ಮ ಐ.ಟಿ.ಐ.ಗಳಿಗೂ ಪಾಲಿಟೆಕ್ನಿಕ್ಕುಗಳಿಗೂ ಕೊಡಲಿ. ಸಕ್ಕರೆ ಕಾರ್ಖಾನೆಗಳ ಮುಂದೆ ಕಬ್ಬಿನ ಗಾಡಿಗಳು ನಿಲ್ಲುವ ವಿಶಾಲವಾದ ಅಂಗಳಗಳಿವೆ. ಹಂಗಾಮು ಮುಗಿದ ಮೇಲೆ ಅವು ತಿಂಗಳುಗಟ್ಟಲೆ ಬರಿದಾಗಿರುತ್ತವೆ. ವರುಷಕ್ಕೆ ನಾಲ್ಕು ರವಿವಾರ ಅಲ್ಲಿ ಶಂಕುಗಳನ್ನು ನೆಟ್ಟು ದಾರಿ ಗುರುತಿಸಿ, ಒಂದು ಸಲಕ್ಕೆ ಒಂದೇ ಕಾರು ಗಡಿಯಾರದ ವಿರುದ್ಧ ಓಡುವ ಸ್ಪರ್ಧೆ ಇಡಬಹುದು. ಎರಡು ಕಾರುಗಳು ಎದುರುಬದುರಾಗುವ ಪ್ರಶ್ನೆಯಿಲ್ಲ. ತಿರುವುಗಳು ಒತ್ತಾಗಿರುವುದರಿಂದ ವೇಗವೂ ಮಿತಿಮೀರದು. ಮಾನ್ಯತೆ ಪಡೆದ ಮೋಟಾರು ಕ್ರೀಡಾ ಸಂಸ್ಥೆಯ ತಪಾಸಣೆಗಾರರು ಪಂಜರದ ಬೆಸುಗೆಯನ್ನು ನೋಡಿ ಒಪ್ಪಿದ ಮೇಲೆಯೇ ಎಂಜಿನ್ನು ಚಾಲೂ ಆಗಲಿ. ಅಂಬುಲೆನ್ಸು ನಿಂತಿರಲಿ. ಕೊಲ್ಹಾಪುರದ ಹತ್ತಿರ ಗೋ-ಕಾರ್ಟ್ ಓಟಕ್ಕೆ ಪಥವಿದೆ, ರಾಷ್ಟ್ರೀಯ ಮಟ್ಟದ ಸ್ಪರ್ಧೆಗಳೂ ಅಲ್ಲಿ ನಡೆದಿವೆ. ಆ ಅನುಭವಿಗಳನ್ನು ಕರೆಸಿ ಕಲಿಯುವುದಕ್ಕೆ ಗಡಿಯ ಗೆರೆ ಅಡ್ಡ ಬರಬೇಕಾಗಿಲ್ಲ.

ಆಕ್ಷೇಪಗಳು ಬಂದೇ ಬರುತ್ತವೆ. ಪೆಟ್ರೋಲು ವ್ಯರ್ಥವಲ್ಲವೆ ಎನ್ನುವರು. ಒಂದು ಅಂಗಳದಲ್ಲಿ ಹತ್ತು ಕಾರು ಒಂದು ದಿನ ಸುಡುವ ಎಣ್ಣೆ ನಮ್ಮ ಒಂದು ಚುನಾವಣಾ ಮೆರವಣಿಗೆಯ ಲೆಕ್ಕಕ್ಕೆ ಬಾರದು. ಹಳೆಯ ಕಾರುಗಳು ಗಾಳಿಯನ್ನು ಕೆಡಿಸುತ್ತವೆ ಎನ್ನುವರು. ದಿಟ, ಅದಕ್ಕಾಗಿಯೇ ಅವು ರಸ್ತೆಯಿಂದ ಹೊರಗಾಗಬೇಕು, ಆದರೆ ಪಾಠಕ್ಕೆ ಉಳಿಸಿಕೊಂಡ ಬೆರಳೆಣಿಕೆಯ ಒಡಲುಗಳಿಂದ ಆಕಾಶ ಕಪ್ಪಾಗುವುದಿಲ್ಲ.

ಅಪಾಯದ ಆಕ್ಷೇಪವನ್ನು ಇಷ್ಟು ಹಗುರವಾಗಿ ಉತ್ತರಿಸಲಾಗದು. 1955ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಒಂದು ಕಾರು ಪ್ರೇಕ್ಷಕರ ಮೇಲೆ ನುಗ್ಗಿ 80ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲೇ 2023ರಲ್ಲಿ ಮದರಾಸಿನ ಪಥದಲ್ಲಿ ಜನವರಿಯಲ್ಲಿ ಒಬ್ಬ ಅನುಭವಿ ಕಾರು ಸ್ಪರ್ಧಿ, ಆಗಸ್ಟಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಮೋಟಾರ್‌ಸೈಕಲ್ ಸ್ಪರ್ಧಿಯೊಬ್ಬ ಪ್ರಾಣ ಕಳೆದುಕೊಂಡರು. ನಿಯಮಗಳಿದ್ದೂ ಸಾವು ಬಂದಿತು. ಈ ಸಂಗತಿಯನ್ನು ಮುಚ್ಚಿಟ್ಟು ಎಳೆಯರನ್ನು ಹುರಿದುಂಬಿಸುವುದು ಪಾಪ. ನಾನು ದೊಡ್ಡ ಪಥದ ವೇಗವನ್ನು ಕೇಳದೆ ಅಂಗಳದ ಓಟವನ್ನು ಕೇಳುತ್ತಿರುವುದು, ಹದಿನೆಂಟು ತುಂಬದವರನ್ನು ಈ ಕಾರುಗಳ ಚಕ್ರಕ್ಕೆ ಕೂರಿಸಬಾರದೆನ್ನುವುದು ಇದಕ್ಕಾಗಿಯೇ. ಓಟ ಬೇಡವೆಂದರೆ ಓಟ ನಿಲ್ಲುತ್ತದೆಂದು ನಂಬುವವರು ಮಾತ್ರ ಒಂದು ರಾತ್ರಿ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಬೇಕು. ನಮ್ಮೆದುರಿಗೆ ಇರುವ ಆಯ್ಕೆ ಅಪಾಯಕ್ಕೂ ನಿರಪಾಯಕ್ಕೂ ನಡುವಿನದಲ್ಲ. ಪಂಜರವಿರುವ ಕಾರಿಗೂ ಇಲ್ಲದ ಕಾರಿಗೂ, ಬೇಲಿಯಿರುವ ಅಂಗಳಕ್ಕೂ ಕಬ್ಬಿನ ಗಾಡಿಯಿರುವ ರಸ್ತೆಗೂ ನಡುವಿನದು.

ಹಣೆಗೆ ಬೆವರು, ಕೈಗೆ ಮಸಿ ಹತ್ತಿಸಿಕೊಂಡು ಒಂದು ಯಂತ್ರವನ್ನು ತಳದಿಂದ ಅರಿತವನು ಅದನ್ನು ಅಹಂಕಾರದಿಂದ ಓಡಿಸಲಾರ. ಪ್ರತಿಯೊಂದು ಬೋಲ್ಟಿನ ಹಿಡಿತವೂ ಅವನಿಗೆ ಗೊತ್ತು, ಅದರ ಮಿತಿಯೂ ಗೊತ್ತು. ಬರುವ ಹಂಗಾಮು ಮುಗಿಯುವುದರೊಳಗೆ ಯಾವುದಾದರೂ ಒಂದು ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿ, ಯಾವುದಾದರೂ ಒಂದು ಐ.ಟಿ.ಐ.ಯ ಪ್ರಾಚಾರ್ಯರು, ಒಂದು ರವಿವಾರ, ಒಂದು ಅಂಗಳ ಇಷ್ಟನ್ನು ಕೊಡಲೊಪ್ಪಿದರೆ ಸಾಕು. ಕಾರನ್ನು ನಮ್ಮ ಹುಡುಗರು ತಾವೇ ಕಟ್ಟಿಕೊಳ್ಳುತ್ತಾರೆ.